ಪತ್ರಿಕೆ ಧಣಿಗಳು ಸೋತ ಉಪಚುನಾವಣೆ

ಪ್ರಶ್ನೆ: ಜುಲೈ 1ರ ಪತ್ರಿಕಾ ದಿನದಂದು ಬೆಂಗಳೂರಿನಲ್ಲಿ ನಾನೊಂದು ಭಾಷಣ ಮಾಡಬೇಕು. ‘ಹೊಣೆಯಿಲ್ಲದ ಅಧಿಕಾರ, ಅದು ಯುಗಯುಗದಿಂದ ಸೂಳೆಯ ಸವಲತ್ತು’ ಅಂತ ಪತ್ರಿಕೆಗಳ ಬಗ್ಗೆ ಬ್ರಿಟನ್ ಪ್ರಧಾನಿ ಬಾಲ್ಡ್‌ವಿನ್ ಹೇಳಿದ್ದರು ಎಂದು ಓದಿದ್ದೇನೆ. ಒಂದು ಉಪಚುನಾವಣೆಯಲ್ಲಿ ಆಡಿದ ಮಾತಂತೆ. ಆ ಒಂದೇ ಮಾತಿಗೆ ಪತ್ರಿಕೆ ಮಾಲೀಕರ ಅಭ್ಯರ್ಥಿ ಸೋತನಂತೆ. ಗೆಳೆಯರೊಬ್ಬರು ಇದು ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಮಾತು ಅನ್ನುತ್ತಾರೆ. ಇನ್ನೊಬ್ಬರು ಆ ಚುನಾವಣೆಯಲ್ಲಿ ಗಾಂಧೀಜಿ ಹೆಸರೂ ಬಂದಿತ್ತು ಅನ್ನುತ್ತಾರೆ. ಇದರಲ್ಲಿ ಯಾವುದು ನಿಜ? (ತುಮಕೂರಿನ ಓದುಗರೊಬ್ಬರು)

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ. ಆ ಮಾತು ಆಡಿದ ದಿನ ಸ್ಟಾನ್ಲಿ ಬಾಲ್ಡ್‌ವಿನ್ ಪ್ರಧಾನಿ ಆಗಿರಲಿಲ್ಲ. ಎರಡು ಸಲ ಪ್ರಧಾನಿ ಆಗಿ, 1929ರಲ್ಲಿ ಸೋತು, ವಿರೋಧ ಪಕ್ಷದ ಸಾಲಿನಲ್ಲಿ ಕೂತಿದ್ದರು. ಪಕ್ಷದ ನಾಯಕನ ಕುರ್ಚಿಯೂ ಅಲ್ಲಾಡುತ್ತಿತ್ತು. ದಿನ 1931ರ ಮಾರ್ಚ್ 17, ಮಂಗಳವಾರ. ಜಾಗ ಲಂಡನ್ನಿನ ಕ್ವೀನ್ಸ್ ಹಾಲ್. ಕ್ಷೇತ್ರ ವೆಸ್ಟ್‌ಮಿನ್‌ಸ್ಟರ್ ಸೇಂಟ್ ಜಾರ್ಜಸ್. ಮತದಾನಕ್ಕೆ ಇನ್ನು ಎರಡೇ ದಿನ ಬಾಕಿ. ಹಾಗಾಗಿ ಉಪಚುನಾವಣೆ ಅನ್ನುವುದು ನಿಜ. ಗಾಂಧೀಜಿ ಹೆಸರು ಬಂದಿದ್ದೂ ನಿಜ. ಕಿಪ್ಲಿಂಗ್ ಕಥೆಗೂ ಆಧಾರ ಇದೆ. ‘ಆ ಒಂದೇ ಮಾತಿಗೆ ಸೋತರು’ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಗ ಮನೆಮನೆಗೆ ಟಿವಿ ಬಂದಿರಲಿಲ್ಲ. ರೇಡಿಯೊ ಬಿಬಿಸಿ ಕೈಯಲ್ಲಿತ್ತು. ಅದು ಪಕ್ಷಗಳ ಒಳಜಗಳಕ್ಕೆ ಕೈ ಹಾಕುತ್ತಿರಲಿಲ್ಲ. ಜನರ ಮನಸ್ಸಿಗೆ ಇದ್ದ ಹೆದ್ದಾರಿ ಅಂದರೆ ಪತ್ರಿಕೆ. ಆ ಹೆದ್ದಾರಿಯ ಟೋಲ್ ಗೇಟಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಲಾರ್ಡ್ ರಾದರ್‌ಮಿಯರ್, ‘ಡೈಲಿ ಮೇಲ್’ ಒಡೆಯರು. ಇನ್ನೊಬ್ಬರು ಲಾರ್ಡ್ ಬೀವರ್‌ಬ್ರೂಕ್, ‘ಡೈಲಿ ಎಕ್ಸ್‌ಪ್ರೆಸ್’ ಒಡೆಯರು. ಎರಡೂ ದಿನಕ್ಕೆ ಹತ್ತು ಲಕ್ಷಕ್ಕಿಂತ ಜಾಸ್ತಿ ಪ್ರತಿ ಮಾರುತ್ತಿದ್ದ ಪತ್ರಿಕೆಗಳು. ಇಬ್ಬರಿಗೂ ಸಂಜೆ ಪತ್ರಿಕೆ, ಭಾನುವಾರದ ಪತ್ರಿಕೆ ಬೇರೆ ಇದ್ದವು.

ಇಬ್ಬರೂ ಬಾಲ್ಡ್‌ವಿನ್ ಅವರ ಕನ್ಸರ್ವೇಟಿವ್ ಪಕ್ಷದ ಕಡೆಯವರೇ ಅನ್ನುವುದು ಇಲ್ಲಿ ತಮಾಷೆ. ಆಗ ಸರ್ಕಾರ ನಡೆಸುತ್ತಿದ್ದ ಲೇಬರ್ ಪಕ್ಷದವರು ಬಾಲ್ಡ್‌ವಿನ್‌ಗೆ ಇಷ್ಟು ಕಾಟ ಕೊಟ್ಟಿರಲಿಲ್ಲ. ಕಾಟವೆಲ್ಲ ಮನೆಯೊಳಗಿನದು. ಕರ್ನಾಟಕದ ರಾಜಕೀಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಭಿನ್ನಮತ, ಬಂಡಾಯ ಅಭ್ಯರ್ಥಿ, ನಾಯಕತ್ವ ಬದಲಾವಣೆ ಕೂಗು, ಎಲ್ಲ ಇತ್ತು.

ಬೀವರ್‌ಬ್ರೂಕ್ ಕೆನಡಾದಲ್ಲಿ ಹುಟ್ಟಿದವರು. ಅವರ ತಲೆಯಲ್ಲಿ ಇದ್ದದ್ದು ಒಂದೇ ಯೋಜನೆ. ಬ್ರಿಟಿಷ್ ಸಾಮ್ರಾಜ್ಯದ ಒಳಗಿನ ವ್ಯಾಪಾರಕ್ಕೆ ಸುಂಕ ಬೇಡ, ಹೊರಗಿನಿಂದ ಬರುವ ಸರಕಿಗೆ ಸುಂಕ ಹಾಕಿ. ಕೇಳಲು ಚೆನ್ನಾಗಿದೆ. ಆದರೆ ಹೊರಗಿನ ಸರಕು ಅಂದರೆ ಗೋಧಿ, ಮಾಂಸವೂ ಸೇರಿತು. ಸುಂಕ ಹಾಕಿದರೆ ಬಡವರ ಬ್ರೆಡ್ಡಿನ ಬೆಲೆ ಏರುತ್ತದೆ. ಬಾಲ್ಡ್‌ವಿನ್ 1923ರಲ್ಲಿ ಸುಂಕದ ವಿಷಯ ಇಟ್ಟುಕೊಂಡು ಚುನಾವಣೆಗೆ ಹೋಗಿ ಕೈ ಸುಟ್ಟುಕೊಂಡಿದ್ದವರು. ಅದಕ್ಕೇ ಈ ಸಲ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದರು.

ರಾದರ್‌ಮಿಯರ್ ಅವರ ಬಯಕೆ ಬೇರೆ ಥರದ್ದು. 1930ರಲ್ಲಿ ಅವರ ಒಂದು ಪತ್ರ ಬಾಲ್ಡ್‌ವಿನ್ ಕೈಗೆ ಸಿಕ್ಕಿತು. ಮುಂದಿನ ಸರ್ಕಾರದ ನೀತಿ ಏನು, ಮುಖ್ಯ ಮಂತ್ರಿಗಳು ಯಾರ್‍ಯಾರು ಅಂತ ಮೊದಲೇ ಗೊತ್ತಾಗದೆ ತಾನು ಬೆಂಬಲ ಕೊಡುವುದಿಲ್ಲ ಅನ್ನುವುದು ಅದರ ಸಾರ. ಅಂದರೆ ಮಂತ್ರಿಮಂಡಲದ ಪಟ್ಟಿ ಪತ್ರಿಕೆ ಕಚೇರಿಗೆ ಹೋಗಿ ಸಹಿ ಹಾಕಿಸಿಕೊಂಡು ಬರಬೇಕು! ಬಾಲ್ಡ್‌ವಿನ್ ಆ ಪತ್ರವನ್ನು ಜೂನ್ 24ರಂದು ಪಕ್ಷದ ಸಭೆಯಲ್ಲೇ ಓದಿಬಿಟ್ಟರು. ಯಾವ ಪಕ್ಷದ ನಾಯಕನಿಗೂ ಇಷ್ಟು ಉದ್ಧಟತನದ ಬೇಡಿಕೆ ಯಾರೂ ಇಟ್ಟಿಲ್ಲ ಅಂದರು. ಸಭೆ ಅವರ ಪರ ನಿಂತಿತು. ಆದರೆ ಜಗಳ ನಿಲ್ಲಲಿಲ್ಲ.

ಧಣಿಗಳು ಉಪಚುನಾವಣೆಗಳನ್ನೇ ಕೋಲು ಮಾಡಿಕೊಂಡರು. 1930ರ ಅಕ್ಟೋಬರ್ 30ರಂದು ಲಂಡನ್ನಿನ ಸೌತ್ ಪ್ಯಾಡಿಂಗ್ಟನ್‌ನಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಬೀವರ್‌ಬ್ರೂಕ್ ಕಡೆಯ ಅಡ್ಮಿರಲ್ ಟೇಲರ್ ಸೋಲಿಸಿದರು. ಅದೇ ದಿನ ಪಕ್ಷದ ಒಳಗೆ ಬಾಲ್ಡ್‌ವಿನ್ ನಾಯಕತ್ವಕ್ಕೂ ಮತ ಹಾಕಿದರು. ಅಲ್ಲಿ ಅವರು 462–116ರಲ್ಲಿ ಗೆದ್ದರು. 1931ರ ಫೆಬ್ರುವರಿಯಲ್ಲಿ ಈಸ್ಟ್ ಇಸ್ಲಿಂಗ್ಟನ್. ಅಲ್ಲಿ ಲೇಬರ್ ಪಕ್ಷದ ಲಿಯಾ ಮ್ಯಾನಿಂಗ್ ಗೆದ್ದರು, ಬೀವರ್‌ಬ್ರೂಕ್ ಅಭ್ಯರ್ಥಿ ಎರಡನೆಯವರಾದರು, ಬಾಲ್ಡ್‌ವಿನ್ ಪಕ್ಷ ಮೂರನೇ ಸ್ಥಾನಕ್ಕೆ ಕುಸಿಯಿತು.

ಇದರ ನಡುವೆ ಫೆಬ್ರುವರಿ 14ರಂದು ಸೇಂಟ್ ಜಾರ್ಜಸ್ ಸಂಸದ ಸರ್ ಲೇಮಿಂಗ್ ವರ್ಥಿಂಗ್ಟನ್-ಇವಾನ್ಸ್ ತೀರಿಕೊಂಡರು.

ಈ ಕ್ಷೇತ್ರದ ಬಗ್ಗೆ ಎರಡು ಮಾತು ಹೇಳಬೇಕು. ಮೇಫೇರ್, ಬೆಲ್‌ಗ್ರೇವಿಯಾ, ಪಿಮ್ಲಿಕೊ ಇರುವ ಭಾಗ ಅದು. ಲಂಡನ್ನಿನ ದೊಡ್ಡ ದುಡ್ಡೆಲ್ಲ ವಾಸ ಇದ್ದ ಜಾಗ. ಕನ್ಸರ್ವೇಟಿವ್ ಪಕ್ಷಕ್ಕೆ ಇದಕ್ಕಿಂತ ಭದ್ರವಾದ ಕೋಟೆ ಹುಡುಕಿದರೂ ಸಿಗುವುದು ಕಷ್ಟ. ಆದರೆ ದೊಡ್ಡ ಮನೆ ಅಂದಮೇಲೆ ಅಡುಗೆಯವರು, ಬಟ್ಲರ್, ಮನೆಕೆಲಸದ ಹುಡುಗಿಯರು ಇರಲೇಬೇಕಲ್ಲ. 1928ರ ಕಾನೂನಿನಿಂದ 21 ದಾಟಿದ ಹೆಂಗಸರಿಗೆಲ್ಲ ಓಟು ಬಂದಿತ್ತು. ಮೇಲಿನ ಮಹಡಿಯ ಧಣಿಗೆ ಒಂದು ಓಟು, ನೆಲಮಾಳಿಗೆಯ ಅಡುಗೆಮನೆಯಲ್ಲಿ ಐದಾರು ಓಟು. ರಾದರ್‌ಮಿಯರ್‌ಗೆ ಈ ಕ್ಷೇತ್ರ ಹೊಸದೇನಲ್ಲ. 1921ರ ಉಪಚುನಾವಣೆಯಲ್ಲಿ ಸರ್ಕಾರದ ದುಂದುವೆಚ್ಚದ ವಿರುದ್ಧ ಅವರ ಪತ್ರಿಕೆಗಳು ಎಬ್ಬಿಸಿದ ಅಲೆಯಲ್ಲಿ ಇಲ್ಲೇ ಅಧಿಕೃತ ಅಭ್ಯರ್ಥಿ ಮಣ್ಣು ಮುಕ್ಕಿದ್ದರು.

ಈ ಸಲ ಪಕ್ಷಕ್ಕೆ ಅಭ್ಯರ್ಥಿಯೇ ಸಿಗಲಿಲ್ಲ. ನಿಲ್ಲುತ್ತಾರೆ ಅಂದುಕೊಂಡಿದ್ದ ಮೂರ್-ಬ್ರೇಬಜನ್, ಬಾಲ್ಡ್‌ವಿನ್ ನಾಯಕತ್ವವನ್ನು ವೇದಿಕೆ ಮೇಲೆ ಸಮರ್ಥಿಸಲು ನನ್ನಿಂದಾಗದು ಅಂತ ಹಿಂದೆ ಸರಿದರು. ಟಿಕೆಟ್‌ಗಾಗಿ ಬಾಗಿಲಲ್ಲಿ ಸಾಲು ನಿಲ್ಲುವುದನ್ನು ಕಂಡವರು ನಾವು. ದೇಶದ ಅತಿ ಭದ್ರ ಸೀಟಿನ ಟಿಕೆಟ್ ಕೊಡುತ್ತೇನೆಂದರೂ ಬೇಡ ಅನ್ನುವ ಸ್ಥಿತಿ ಬಂದರೆ ನಾಯಕನ ಗತಿ ಏನಾಗಿರಬೇಕು, ನೀವೇ ಊಹಿಸಿ. ಪಕ್ಷದ ಕಚೇರಿಯ ಮುಖ್ಯಸ್ಥರು ಬರೆದಿದ್ದ ಒಂದು ಟಿಪ್ಪಣಿಯನ್ನು ಪಕ್ಷದ ಇನ್ನೊಬ್ಬ ಮುಂದಾಳು ನೆವಿಲ್ ಚೇಂಬರ್ಲಿನ್ ತಂದು ಬಾಲ್ಡ್‌ವಿನ್ ಮುಂದಿಟ್ಟರು. ನೀವು ಬಿಟ್ಟುಕೊಡುವುದೇ ಒಳ್ಳೆಯದು ಅನ್ನುವುದು ಅದರ ಸಾರ. ಮಾರ್ಚ್ 1ರ ಭಾನುವಾರ ಬಾಲ್ಡ್‌ವಿನ್ ಹೋಗಲು ಸಿದ್ಧರಾದರು. ‘ಟೈಮ್ಸ್’ ಪತ್ರಿಕೆ ಅವರ ನಿರ್ಗಮನದ ಸಂಪಾದಕೀಯ ತಯಾರಿಟ್ಟುಕೊಂಡಿತ್ತು.

ಆ ರಾತ್ರಿ ಹಳೆಯ ಗೆಳೆಯ ವಿಲಿಯಂ ಬ್ರಿಜ್‌ಮನ್ ಬಂದರು. ಹೋಗುವುದಾದರೆ ಹೋರಾಡಿ ಹೋಗು, ನಿನ್ನ ಸೀಟು ಬಿಟ್ಟು ಸೇಂಟ್ ಜಾರ್ಜಸ್‌ನಲ್ಲಿ ನೀನೇ ನಿಲ್ಲು ಅಂದರು. ಬಾಲ್ಡ್‌ವಿನ್‌ಗೆ ಹುರುಪು ಬಂತು. ಮರುದಿನ ಇದನ್ನು ಕೇಳಿ ಚೇಂಬರ್ಲಿನ್ ಬೆಚ್ಚಿಬಿದ್ದರು. ಹಾಗೆ ಮಾಡಿ ಸೋತರೆ ನಿಮ್ಮ ನಂತರ ಬರುವ ನಾಯಕನ ಗತಿ ಏನು ಅಂತ ಕೇಳಿದರು. ನನ್ನ ನಂತರ ಬರುವವನ ಚಿಂತೆ ನನಗೆ ಚೂರೂ ಇಲ್ಲ ನೆವಿಲ್, ಅನ್ನುವ ಅರ್ಥದ ಉತ್ತರ ಬಂತು. ನಂತರ ಬರಲು ಕಾಯುತ್ತಿದ್ದವರು ಚೇಂಬರ್ಲಿನ್ ಅವರೇ!

ಕೊನೆಗೆ ಬಾಲ್ಡ್‌ವಿನ್ ನಿಲ್ಲಬೇಕಾಗಲಿಲ್ಲ. ಡಫ್ ಕೂಪರ್ ಅನ್ನುವ 41ರ ಮಾಜಿ ಸಂಸದ ಮುಂದೆ ಬಂದರು. ಅವರಿಗೆ ವಿಂಚೆಸ್ಟರ್‌ನಲ್ಲಿ ಮುಂದಿನ ಚುನಾವಣೆಗೆ ಜಾಗ ಖಾತ್ರಿಯಾಗಿತ್ತು. ಅದನ್ನು ಬಿಟ್ಟು ಈ ಬೆಂಕಿಗೆ ಕೈ ಹಾಕಿದರು. ಹೆಂಡತಿ ಲೇಡಿ ಡಯಾನಾ ಆ ಕಾಲದ ಹೆಸರಾಂತ ಸುಂದರಿ, ರಂಗನಟಿ. ಆಕೆ ಪ್ರಚಾರಕ್ಕೆ ಇಳಿದರೆ ಜನ ಸೇರದೆ ಇರುತ್ತಾರೆಯೇ!

ಎದುರಿಗೆ ಸರ್ ಅರ್ನೆಸ್ಟ್ ಪೆಟರ್. ಯೋವಿಲ್ ಎಂಬ ಊರಿನ ಎಂಜಿನ್ ಕಾರ್ಖಾನೆಯ ಒಡೆಯರು. ವೆಸ್ಟ್‌ಲ್ಯಾಂಡ್ ವಿಮಾನ ಕಾರ್ಖಾನೆಯೂ ಅವರ ಕುಟುಂಬದ್ದೇ. ಬಾಲ್ಡ್‌ವಿನ್ ನಾಯಕತ್ವ ಬೇಡ ಅಂತಲೇ ಸ್ವತಂತ್ರವಾಗಿ ಕಣಕ್ಕಿಳಿದಿದ್ದರು. ಧಣಿಗಳು ಅವರನ್ನು ಎತ್ತಿಕೊಂಡರು. ಬೀವರ್‌ಬ್ರೂಕ್ ಸ್ವತಃ ಸಭೆ ಸಭೆಗೆ ಹೋಗಿ ಭಾಷಣ ಮಾಡಿದರು. ಲೇಬರ್ ಪಕ್ಷ ಅಭ್ಯರ್ಥಿಯನ್ನೇ ಹಾಕಲಿಲ್ಲ. ಹಾಗಾಗಿ ನೇರ ಹಣಾಹಣಿ.

ಈಗ ಗಾಂಧೀಜಿ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ಅದು ಕೊನೆಯಲ್ಲಿದೆ. ನನ್ನ ಪ್ರಕಾರ ಅದು ಮೊದಲು ಬರಬೇಕಿತ್ತು. ಬ್ರಿಟಿಷರು ಈ ಚುನಾವಣೆ ನೆನೆಯುವಾಗ ಪತ್ರಿಕೆ, ಸುಂಕ, ಬಾಲ್ಡ್‌ವಿನ್ ಕುರ್ಚಿ ಇಷ್ಟನ್ನೇ ಹೇಳುತ್ತಾರೆ. ನಾವೂ ಅವರ ಬಾಯಿಂದ ಕೇಳಿ ಹಾಗೇ ಹೇಳುತ್ತೇವೆ. ಆದರೆ ಅಲ್ಲಿ ಪಣಕ್ಕಿಟ್ಟಿದ್ದು ನಮ್ಮ ದೇಶದ ವಿಷಯವೂ ಹೌದು.

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1930 ಉಪ್ಪಿನ ಸತ್ಯಾಗ್ರಹದ ವರ್ಷ. ದಂಡಿಯಿಂದ ನಮ್ಮ ಅಂಕೋಲೆಯವರೆಗೆ ಜನ ಉಪ್ಪು ಮಾಡಿ ಜೈಲು ತುಂಬಿದ್ದರು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಕೂಡ ಭಾಗವಹಿಸಿದ್ದ ಮೊದಲ ದುಂಡುಮೇಜಿನ ಪರಿಷತ್ತು 1931ರ ಜನವರಿಯಲ್ಲಿ ಲಂಡನ್ನಿನಲ್ಲಿ ಮುಗಿದಿತ್ತು. ಜನವರಿ 26ರಂದು ಗಾಂಧೀಜಿ ಬಿಡುಗಡೆಯಾದರು. ಸೇಂಟ್ ಜಾರ್ಜಸ್ ಸಂಸದರು ತೀರಿಕೊಂಡ ಮೂರನೇ ದಿನ, ಫೆಬ್ರುವರಿ 17ರಂದು, ದೆಹಲಿಯಲ್ಲಿ ಗಾಂಧೀಜಿ ಮತ್ತು ವೈಸರಾಯ್ ಇರ್ವಿನ್ ಮಾತುಕತೆ ಶುರು. ಮಾರ್ಚ್ 5ರಂದು ಒಪ್ಪಂದ. ಮಾರ್ಚ್ 19ರಂದು ಸೇಂಟ್ ಜಾರ್ಜಸ್‌ನಲ್ಲಿ ಮತದಾನ.

ಇರ್ವಿನ್ ಯಾರು? ಬಾಲ್ಡ್‌ವಿನ್ ತಾನು ಪ್ರಧಾನಿ ಆಗಿದ್ದಾಗ ಆರಿಸಿ ಕಳಿಸಿದ ವೈಸರಾಯ್, ಅವರ ಆಪ್ತ. ಭಾರತಕ್ಕೆ ಮುಂದೆ ಡೊಮಿನಿಯನ್ ಸ್ಥಾನಮಾನ (ಸಾಮ್ರಾಜ್ಯದ ಒಳಗೇ ಇದ್ದು ತಮ್ಮ ಆಡಳಿತ ತಾವೇ ನಡೆಸುವುದು) ಅಂತ ಇರ್ವಿನ್ 1929ರ ಅಕ್ಟೋಬರ್ 31ರಂದು ಹೇಳಿದಾಗ, ಲೇಬರ್ ಸರ್ಕಾರದ ಜತೆಗೆ ವಿರೋಧ ಪಕ್ಷದ ಬಾಲ್ಡ್‌ವಿನ್ ಕೂಡ ಬೆನ್ನಿಗೆ ನಿಂತಿದ್ದರು. ಅವರ ಪಕ್ಷದ ಬಹಳ ಜನರಿಗೆ ಇದು ಉರಿ ಹತ್ತಿಸಿತ್ತು. ಚರ್ಚಿಲ್ ಇದೇ ಕಾರಣಕ್ಕೆ 1931ರ ಜನವರಿಯಲ್ಲಿ ಪಕ್ಷದ ಮುಂದಾಳುಗಳ ಕೂಟ ಬಿಟ್ಟು ಹೊರಗೆ ಬಂದರು. ಗಾಂಧೀಜಿಯನ್ನು ‘ಅರೆಬೆತ್ತಲೆ ಫಕೀರ’ ಅಂತ ಅವರು ಹೀಯಾಳಿಸಿದ ಭಾಷಣ ಫೆಬ್ರುವರಿ 23ರದ್ದು. ಎಲ್ಲವೂ ಈ ಉಪಚುನಾವಣೆಯ ಕಾವಿನಲ್ಲೇ ಆಗಿದ್ದು.

ರಾದರ್‌ಮಿಯರ್‌ಗೆ ಸುಂಕಕ್ಕಿಂತ ಭಾರತದ ಚಿಂತೆ ಜಾಸ್ತಿ. ಭಾರತ ಕೈ ಬಿಟ್ಟರೆ ಬ್ರಿಟನ್ ಮುಗಿಯಿತು ಅಂತ ಅವರ ಪತ್ರಿಕೆ ದಿನಾ ಡಂಗುರ ಹೊಡೆಯುತ್ತಿತ್ತು. ‘ಗಾಂಧಿ ಸೇಂಟ್ ಜಾರ್ಜಸ್ ಕಡೆ ನೋಡುತ್ತಿದ್ದಾರೆ’ ಅಂತ ‘ಡೈಲಿ ಮೇಲ್’ ಹಾಕಿದ ತಲೆಬರಹ ಆ ಚುನಾವಣೆಯ ಗುರುತೇ ಆಯಿತು. ಡಫ್ ಕೂಪರ್ ಗೆದ್ದರೆ ಗಾಂಧಿ ಗೆದ್ದಂತೆ ಅನ್ನುವುದು ಸೂಚನೆ. ಆಗ ಗಾಂಧೀಜಿಗೆ ಮೇಫೇರ್ ಕಡೆ ನೋಡಲು ಪುರುಸೊತ್ತು ಎಲ್ಲಿತ್ತು! ಒಪ್ಪಂದದಲ್ಲಿ ಭಗತ್ ಸಿಂಗ್ ಜೀವ ಉಳಿಸುವ ಮಾತು ಯಾಕಿಲ್ಲ ಅಂತ ಇಲ್ಲಿ ಯುವಕರು ಸಿಟ್ಟಾಗಿದ್ದರು. ಸೇಂಟ್ ಜಾರ್ಜಸ್ ಮತದಾನವಾಗಿ ನಾಲ್ಕು ದಿನಕ್ಕೆ, ಮಾರ್ಚ್ 23ರಂದು, ಭಗತ್ ಸಿಂಗ್, ಸುಖದೇವ್, ರಾಜಗುರು ಅವರನ್ನು ಗಲ್ಲಿಗೇರಿಸಿದರು.

ಬಾಲ್ಡ್‌ವಿನ್ ಭಾರತದ ವಿಷಯದಲ್ಲಿ ಅಡಗಿಕೊಳ್ಳಲಿಲ್ಲ. ಮಾರ್ಚ್ 12ರಂದು ಸಂಸತ್ತಿನಲ್ಲಿ ಅವರು ಆಡಿದ ಭಾಷಣ, ನನ್ನ ಅಭಿಪ್ರಾಯದಲ್ಲಿ, ಕ್ವೀನ್ಸ್ ಹಾಲ್ ಭಾಷಣಕ್ಕಿಂತ ದೊಡ್ಡದು. ಭಾರತಕ್ಕೆ ಕೊಡುವುದನ್ನು ಜಿಪುಣತನದಿಂದ, ಒಂದೊಂದನ್ನೂ ಕೈಯಿಂದ ಕಿತ್ತುಕೊಳ್ಳುವವರೆಗೂ ಬಿಡದೆ ಕೊಡಬೇಕು ಅನ್ನುವವರೇ ನನ್ನ ಪಕ್ಷದಲ್ಲಿ ಹೆಚ್ಚಿದ್ದರೆ, ದೇವರಾಣೆ ಬೇರೆ ನಾಯಕನನ್ನು ಆರಿಸಿಕೊಳ್ಳಲಿ ಅಂದರು. ಒಂದು ವಾರದಲ್ಲಿ ಮತದಾನ ಇಟ್ಟುಕೊಂಡು, ಕುರ್ಚಿ ಅಲ್ಲಾಡುತ್ತಿರುವಾಗ ಆಡಿದ ಮಾತು ಅದು.

ಹಾಗಂತ ಬಾಲ್ಡ್‌ವಿನ್ ಅವರನ್ನು ನಮ್ಮ ಸ್ವಾತಂತ್ರ್ಯದ ಗೆಳೆಯ ಅಂತ ಭಾಷಣದಲ್ಲಿ ಹೇಳಿಬಿಡಬೇಡಿ. ಅವರಿಗೆ ಬೇಕಾಗಿದ್ದು ಸಾಮ್ರಾಜ್ಯ ಉಳಿಯುವುದೇ. ಬಿಗಿ ಸಡಿಲಿಸಿದರೆ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ, ಬಿಗಿದರೆ ಉಳಿಯುತ್ತದೆ ಅನ್ನುವುದು ಚರ್ಚಿಲ್ ಲೆಕ್ಕ. ವ್ಯತ್ಯಾಸ ಅಷ್ಟೇ. ಆದರೆ ಜೈಲಿನೊಳಗೆ ಕೂತವರಿಗೆ ಆ ‘ಅಷ್ಟೇ’ ಸಣ್ಣದಲ್ಲ.

ಇನ್ನು ಆ ಭಾಷಣ. ಪ್ರಚಾರದ ನಡುವೆ ‘ಡೈಲಿ ಮೇಲ್’ ಬಾಲ್ಡ್‌ವಿನ್ ಅವರ ಮನೆ ವಿಷಯಕ್ಕೆ ಕೈ ಹಾಕಿತು. ತಂದೆ ಬಿಟ್ಟುಹೋದ ದೊಡ್ಡ ಆಸ್ತಿ ಇವರ ಕೈಯಲ್ಲಿ ಕರಗಿ ಹೋಗಿದೆ, ಸ್ವಂತ ಆಸ್ತಿ ಕಳೆದುಕೊಂಡವನು ದೇಶದ ಸಂಪತ್ತನ್ನು ಹೇಗೆ ಮರಳಿ ತರುತ್ತಾನೆ ಅನ್ನುವ ಧಾಟಿಯ ಬರಹ. ಕೆಳಗೆ ಸಂಪಾದಕರ ಹೆಸರಿಲ್ಲ, ಬರೀ ‘ಸಂಪಾದಕ’ ಅಂತ ಸಹಿ. ಅಸಲಿಗೆ ಮೊದಲ ಮಹಾಯುದ್ಧ ಮುಗಿದಾಗ ಬಾಲ್ಡ್‌ವಿನ್ ತಮ್ಮ ಆಸ್ತಿಯ ಸುಮಾರು ಐದನೇ ಒಂದು ಭಾಗವನ್ನು, ಹೆಸರು ಹೇಳದೆ, ದೇಶದ ಸಾಲ ತೀರಿಸಲು ಕೊಟ್ಟಿದ್ದರು. ಅಂಥವರ ಮೇಲೆ ಈ ಕಲ್ಲು ಬಿತ್ತು.

ಕ್ವೀನ್ಸ್ ಹಾಲ್‌ನಲ್ಲಿ ಅವರು ಆ ಬರಹವನ್ನು ಓದಿ ಹೇಳಿದರು. ಮೊದಲ ಭಾಗ ಸುಳ್ಳು, ಎರಡನೆಯದು ಅದು ಸೂಚಿಸುವ ಅರ್ಥದಲ್ಲಿ ಸುಳ್ಳು, ಇಂಥದ್ದನ್ನು ಒಬ್ಬ ನೀಚ ಮಾತ್ರ ಬರೆಯಬಲ್ಲ ಅಂದರು. ಕೇಸು ಹಾಕಿದರೆ ಗೆಲ್ಲುತ್ತೇನೆ ಅಂತ ದೊಡ್ಡ ವಕೀಲರು ಹೇಳಿದ್ದಾರೆ, ಆದರೆ ಹಾಕುವುದಿಲ್ಲ, ಕ್ಷಮೆ ಸಿಗುತ್ತದೆ, ಜತೆಗೆ ದೊಡ್ಡ ಪರಿಹಾರ ಸಿಗುತ್ತದೆ, ಕ್ಷಮೆಗೆ ಬೆಲೆ ಇಲ್ಲ, ಆ ಹಣವನ್ನು ನಾನು ಮುಟ್ಟುವುದಿಲ್ಲ ಅಂದರು. ಈ ಪತ್ರಿಕೆಗಳು ಸಾಮಾನ್ಯ ಅರ್ಥದ ಪತ್ರಿಕೆಗಳೇ ಅಲ್ಲ, ಇಬ್ಬರು ಮನುಷ್ಯರ ದಿನಕ್ಕೊಂದು ಬದಲಾಗುವ ಬೇಕುಬೇಡಗಳ ಪ್ರಚಾರ ಯಂತ್ರಗಳು ಅಂದರು. ಅದಾದ ಮೇಲೆ ಆ ಸಾಲು ಬಂತು: ಈ ಪತ್ರಿಕೆಗಳ ಒಡೆತನಕ್ಕೆ ಬೇಕಾಗಿರುವುದು ಅಧಿಕಾರ, ಹೊಣೆಯಿಲ್ಲದ ಅಧಿಕಾರ, ಯುಗಯುಗದಿಂದ ಅದು ಸೂಳೆಯ ಸವಲತ್ತು.

ಸಭೆಯಲ್ಲಿದ್ದ ಒಬ್ಬ ಡ್ಯೂಕ್, ‘ಅಯ್ಯೋ, ಕೆಲಸ ಕೆಟ್ಟಿತು, ಸೂಳೆಯರ ಓಟು ಕೈತಪ್ಪಿತು’ ಅಂದರಂತೆ. ಮೇಫೇರ್ ಬರೀ ಶ್ರೀಮಂತರ ಬೀದಿ ಆಗಿರಲಿಲ್ಲ ಅನ್ನುವುದು ಗೊತ್ತಿದ್ದವರಿಗೆ ಈ ತಮಾಷೆ ಅರ್ಥವಾಗುತ್ತದೆ. ನಡೆದದ್ದೋ ಕಟ್ಟಿದ್ದೋ, ಕಥೆಯಂತೂ ಉಳಿದಿದೆ.

ಮರುದಿನ ಸಂಜೆ, ಮತದಾನದ ಹಿಂದಿನ ದಿನ, ಚರ್ಚಿಲ್ ಆಲ್ಬರ್ಟ್ ಹಾಲ್‌ನಲ್ಲಿ ಭಾರತದ ಬಗ್ಗೆ ದೊಡ್ಡ ಸಭೆ ಮಾಡಿ ಇರ್ವಿನ್ ನೀತಿಯ ವಿರುದ್ಧ ಗುಡುಗಿದರು. ಮಾರ್ಚ್ 19ರಂದು ಜನ ಓಟು ಹಾಕಿದರು. ಡಫ್ ಕೂಪರ್‌ಗೆ 17,242. ಪೆಟರ್‌ಗೆ 11,532. ಅಂತರ 5,710.

ಈಗ ನಿಮ್ಮ ‘ಒಂದೇ ಮಾತಿಗೆ ಸೋತರು’ ಅನ್ನುವ ಪ್ರಶ್ನೆ. ಮಂಗಳವಾರದ ಭಾಷಣ ಬುಧವಾರ ಬೆಳಿಗ್ಗೆ ಅಚ್ಚಾಯಿತು. ಗುರುವಾರ ಮತದಾನ. ಅಷ್ಟರಲ್ಲಿ ಸಾವಿರಾರು ಜನ ಮನಸ್ಸು ಬದಲಿಸಿದರು ಅಂತ ನಂಬುವುದು ಕಷ್ಟ. ‘ಟೈಮ್ಸ್’ ಮತ್ತು ‘ಡೈಲಿ ಟೆಲಿಗ್ರಾಫ್’ ಡಫ್ ಕೂಪರ್ ಪರ ಇದ್ದವು. ಮೇಫೇರ್ ಮನೆಗಳಿಗೆ ಬೆಳಿಗ್ಗೆ ಬರುತ್ತಿದ್ದ ಪತ್ರಿಕೆಗಳು ಅವು. ಅಂದರೆ ಇದು ‘ಪತ್ರಿಕೆಗಳ ವಿರುದ್ಧ ಜನ’ ಅನ್ನುವ ಕಥೆಯೂ ಪೂರ್ತಿ ಅಲ್ಲ. ಪತ್ರಿಕೆಗಳು ಎರಡೂ ಕಡೆ ಇದ್ದವು.

ಹಾಗಾದರೆ ಧಣಿಗಳು ಎಡವಿದ್ದೆಲ್ಲಿ? ಪ್ರಶ್ನೆಯನ್ನು ಬದಲಿಸಿದ್ದರಲ್ಲಿ ಅಂತ ನಾನು ಹೇಳುತ್ತೇನೆ. ಪ್ಯಾಡಿಂಗ್ಟನ್‌ನಲ್ಲಿ ಕೇಳಿದ ಪ್ರಶ್ನೆ ಸುಂಕ ಬೇಕೋ ಬೇಡವೋ ಅಂತ. ಆ ಪ್ರಶ್ನೆಗೆ ಬಾಲ್ಡ್‌ವಿನ್ ಪಕ್ಷದ ಕಾರ್ಯಕರ್ತರೇ ಒಳಗೊಳಗೆ ಬೀವರ್‌ಬ್ರೂಕ್ ಕಡೆ ವಾಲುತ್ತಿದ್ದರು. ಸೇಂಟ್ ಜಾರ್ಜಸ್‌ನಲ್ಲಿ ಮಾತ್ರ ಪೆಟರ್ ‘ಬಾಲ್ಡ್‌ವಿನ್ ಬೇಡ’ ಅಂತಲೇ ನಿಂತರು. ಆಗ ಪ್ರಶ್ನೆ ಪಕ್ಷದ ನಾಯಕ ಯಾರು ಅಂತ ಪತ್ರಿಕೆ ಧಣಿ ಹೇಳಬೇಕೋ ಪಕ್ಷ ಹೇಳಬೇಕೋ ಅಂತ ಆಯಿತು. ಬಾಲ್ಡ್‌ವಿನ್ ಮೇಲೆ ಬೇಜಾರಿದ್ದವನಿಗೂ ಇದು ಅತಿಯಾಯಿತು ಅನಿಸಿತು. ಮನೆಯ ಯಜಮಾನನನ್ನು ಬೈಯುವ ಹಕ್ಕು ಮನೆಯವರದ್ದು, ಪಕ್ಕದ ಮನೆಯವನು ಬಂದು ಬೈದರೆ ಬೈಸಿಕೊಂಡವನ ಮೇಲೆ ಪ್ರೀತಿ ಬರುತ್ತದೆ. ಅದರ ಮೇಲೆ ಆಸ್ತಿ ವಿಷಯದ ಕೀಳು ಏಟು. ಆ ಸಾಲು ಇದಕ್ಕೆಲ್ಲ ಹೆಸರು ಕೊಟ್ಟಿತು. ಗಾಳಿ ಅದಾಗಲೇ ತಿರುಗಿತ್ತು.

ಇನ್ನೊಂದು ಕಡೆಯಿಂದಲೂ ನೋಡಿ. ಪೆಟರ್‌ಗೆ ಬಂದ 11,532 ಅಂದರೆ ಹಾಕಿದ ಓಟಿನಲ್ಲಿ ನೂರಕ್ಕೆ 40. ಪಕ್ಷದ ಅತಿ ಭದ್ರ ಕೋಟೆಯಲ್ಲಿ, ನಾಯಕನ ಮಾನ ಪಣಕ್ಕಿದ್ದಾಗ, ಐವರಲ್ಲಿ ಇಬ್ಬರು ಅವನ ವಿರುದ್ಧ ಹಾಕಿದರು. ಇದನ್ನು ‘ಪತ್ರಿಕೆ ಧಣಿಗಳ ಸೊಕ್ಕು ಮುರಿದ ಚುನಾವಣೆ’ ಅನ್ನುವವರು ಈ ಅಂಕಿ ಹೇಳುವುದೇ ಇಲ್ಲ. ಬೀವರ್‌ಬ್ರೂಕ್ ಬರಿಗೈಲಿ ಹೋದರು ಅಂತಲೂ ಅಲ್ಲ. ಆ ತಿಂಗಳ ಕೊನೆಗೇ ನೆವಿಲ್ ಚೇಂಬರ್ಲಿನ್ ಜತೆ ರಾಜಿಗೆ ಕೂತರು. ಪಕ್ಷ ಸುಂಕದ ಕಡೆ ಇನ್ನಷ್ಟು ವಾಲಿತು. ಮರುವರ್ಷ ಒಟ್ಟಾವಾದಲ್ಲಿ ಸಾಮ್ರಾಜ್ಯದೊಳಗಿನ ಸುಂಕ ರಿಯಾಯಿತಿ ಒಪ್ಪಂದಗಳೂ ಆದವು. ಸೀಟು ಹೋಯಿತು, ಸರಕು ಅರ್ಧ ಬಂತು.

ಉಪಚುನಾವಣೆಗೆ ಒಂದೇ ಕಾರಣ ಅಂಟಿಸುವ ಚಟ ಬಾಲ್ಡ್‌ವಿನ್ ಅವರಿಗೂ ಇತ್ತು. 1933ರ ಅಕ್ಟೋಬರ್‌ನಲ್ಲಿ ಈಸ್ಟ್ ಫುಲ್ಹಮ್‌ನಲ್ಲಿ ಅವರ ಪಕ್ಷದ 14,521 ಮತಗಳ ಮುನ್ನಡೆ ಕರಗಿ, ಲೇಬರ್ ಪಕ್ಷ 4,840ರಿಂದ ಗೆದ್ದಿತು. ಜನಕ್ಕೆ ಯುದ್ಧ ಬೇಡವಾಗಿತ್ತು, ಅದಕ್ಕೇ ಸೋತೆವು ಅಂತ 1936ರಲ್ಲಿ ಅವರೇ ಸಂಸತ್ತಿನಲ್ಲಿ ಹೇಳಿದರು. ಆ ಕ್ಷೇತ್ರದಲ್ಲಿ ಮನೆ ಬಾಡಿಗೆ, ನಿರುದ್ಯೋಗ ಎಷ್ಟು ಕೆಲಸ ಮಾಡಿತ್ತು ಅನ್ನುವುದನ್ನು ಬಿಟ್ಟುಬಿಟ್ಟರು.

ಕಿಪ್ಲಿಂಗ್ ವಿಷಯ. ರಡ್ಯಾರ್ಡ್ ಕಿಪ್ಲಿಂಗ್ ಮತ್ತು ಬಾಲ್ಡ್‌ವಿನ್ ಅವರ ತಾಯಂದಿರು ಅಕ್ಕತಂಗಿಯರು. ಅಂದರೆ ಇವರಿಬ್ಬರು ದೊಡ್ಡಮ್ಮ–ಚಿಕ್ಕಮ್ಮನ ಮಕ್ಕಳು. ಕಿಪ್ಲಿಂಗ್‌ಗೆ ಬೀವರ್‌ಬ್ರೂಕ್ ಕೂಡ ಒಂದು ಕಾಲದ ಸ್ನೇಹಿತ. ನನಗೆ ಬೇಕಾಗಿರುವುದು ಅಧಿಕಾರ, ಇವರನ್ನು ಒಂದು ದಿನ ಮುದ್ದಾಡಿ ಮರುದಿನ ಒದೆಯಬೇಕು ಅಂತ ಬೀವರ್‌ಬ್ರೂಕ್ ಹೇಳಿದಾಗ, ಕಿಪ್ಲಿಂಗ್ ಕೊಟ್ಟ ಉತ್ತರವೇ ಈ ಸಾಲು ಅನ್ನುವುದು ಬಾಲ್ಡ್‌ವಿನ್ ಕುಟುಂಬದವರೇ ಮುಂದೆ ಹೇಳಿದ ಕಥೆ. ತಮ್ಮನ ಒಪ್ಪಿಗೆ ಪಡೆದು ಬಾಲ್ಡ್‌ವಿನ್... ತಪ್ಪಿದೆ, ಕಿಪ್ಲಿಂಗ್ ಅಣ್ಣ, 1865ರಲ್ಲಿ ಹುಟ್ಟಿದವರು, ಬಾಲ್ಡ್‌ವಿನ್ ಎರಡು ವರ್ಷ ಚಿಕ್ಕವರು. ಅಣ್ಣನ ಒಪ್ಪಿಗೆ ಪಡೆದು ತಮ್ಮ ಬಳಸಿಕೊಂಡರು ಅನ್ನಿ. ಭಾಷಣದಲ್ಲಿ ‘ಬಾಲ್ಡ್‌ವಿನ್ ಆಡಿದ, ಕಿಪ್ಲಿಂಗ್ ಕೊಟ್ಟ ಮಾತು’ ಅಂದರೆ ಯಾರೂ ತಪ್ಪು ಹಿಡಿಯಲಾರರು.

ಅನುವಾದದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೂಲದಲ್ಲಿರುವುದು ಒರಟು ಪದವೇ. ‘ವೇಶ್ಯೆ’ ಅಂದರೆ ಏಟು ಮೆತ್ತಗಾಗುತ್ತದೆ, ಹಾಗಾಗಿ ನೀವು ‘ಸೂಳೆ’ ಅಂತ ಬರೆದದ್ದು ಮೂಲಕ್ಕೆ ಹತ್ತಿರ. ಆದರೆ ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಚರಿತ್ರೆ ಇದೆ. ವಚನಕಾರ್ತಿಯರ ಸಾಲಿನಲ್ಲಿ ಸೂಳೆ ಸಂಕವ್ವೆ ಅಂತ ಒಬ್ಬಳು ಇದ್ದಾಳೆ. ಆ ಹೆಸರಿಟ್ಟುಕೊಂಡೇ ತಲೆ ಎತ್ತಿ ಮಾತಾಡಿದವಳು. ಅವಳ ವೃತ್ತಿಯ ಹೆಂಗಸರಿಗೆ ಯಾವ ಯುಗದಲ್ಲಿ ಹೊಣೆಯಿಲ್ಲದ ಅಧಿಕಾರ ಇತ್ತು ಸ್ವಾಮಿ? ಇದ್ದದ್ದೆಲ್ಲ ಹೊಣೆಯೇ, ಅಧಿಕಾರ ಬೇರೆಯವರದ್ದು. ಲಾರ್ಡ್ ಪದವಿಯ ಇಬ್ಬರು ಕೋಟ್ಯಧೀಶರನ್ನು ಬೈಯಲು ಅವರನ್ನು ಯಾಕೆ ಎಳೆದು ತಂದರೋ! ನಾನಾಗಿದ್ದರೆ ‘ಹೊಣೆಯಿಲ್ಲದ ಅಧಿಕಾರ’ ಅನ್ನುವವರೆಗೆ ಹೇಳಿ ನಿಲ್ಲಿಸುತ್ತಿದ್ದೆ. ಸಭೆಯಲ್ಲಿ ಪೂರ್ತಿ ಸಾಲು ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರಿಗೆ ಅಷ್ಟು ಸಾಕು.

ಮುಂದೇನಾಯಿತು ಅಂತಲೂ ಬೇಗ ಹೇಳಿಬಿಡುತ್ತೇನೆ. ಬಾಲ್ಡ್‌ವಿನ್ ಉಳಿದರು. ಆಗಸ್ಟ್‌ನಲ್ಲಿ ಹಲವು ಪಕ್ಷದವರು ಸೇರಿ ಮಾಡಿದ ರಾಷ್ಟ್ರೀಯ ಸರ್ಕಾರ ಸೇರಿದರು. 1935ರಲ್ಲಿ ಮೂರನೇ ಸಲ ಪ್ರಧಾನಿ ಆದರು. ಚರ್ಚಿಲ್ ಗುಂಪು ವರ್ಷಗಟ್ಟಲೆ ಅಡ್ಡ ನಿಂತರೂ ಅದೇ ವರ್ಷ ಭಾರತ ಸರ್ಕಾರ ಕಾಯ್ದೆ ಪಾಸಾಯಿತು. ನಮ್ಮ ಸಂವಿಧಾನ ಬರೆದವರು ಅದರಿಂದ ಬೇಕಷ್ಟು ತೆಗೆದುಕೊಂಡರು. ಡಫ್ ಕೂಪರ್ 1945ರವರೆಗೆ ಆ ಕ್ಷೇತ್ರದ ಸಂಸದ. 1938ರಲ್ಲಿ ಹಿಟ್ಲರ್ ಜತೆಗಿನ ಮ್ಯೂನಿಕ್ ಒಪ್ಪಂದ ಒಪ್ಪದೆ ಮಂತ್ರಿ ಪದವಿ ಬಿಟ್ಟವರು ಇವರೇ.

ಭಾಷಣ ಬೆಂಗಳೂರಿನಲ್ಲಿ ಅಂದಿರಲ್ಲ, ಹಾಗಾದರೆ ಇದನ್ನೂ ಇಟ್ಟುಕೊಳ್ಳಿ. ಭಾರತ ಕೈ ಬಿಡಬೇಡಿ ಅನ್ನುವವರ ಪರವಾಗಿ ನಿಂತು ಸೋತ ಅರ್ನೆಸ್ಟ್ ಪೆಟರ್‌ಗೆ ಟೆಡ್ಡಿ ಅಂತ ಒಬ್ಬ ಮಗ. ಓದಿ ವಿಮಾನ ವಿನ್ಯಾಸಕಾರನಾದ. ಅವನು ರೂಪಿಸಿದ ಒಂದು ಪುಟ್ಟ ಯುದ್ಧ ವಿಮಾನವನ್ನು ಇಲ್ಲೇ ತಯಾರಿಸಲು ಸ್ವತಂತ್ರ ಭಾರತ 1956ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದೇ ನ್ಯಾಟ್. ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ, 1965ರ ಯುದ್ಧದಲ್ಲಿ ಹಾರಿಸಿದ್ದು ನಮ್ಮ ಪೈಲಟ್‌ಗಳು.